ವೃತ್ತಿಗೆ ತ್ರಿಕೋನಮಿತಿ ಎಷ್ಟು ಬೇಕು? ವಿನ್ಯಾಸದ ಮೇಜಿನಿಂದ ಭತ್ತದ ಹಾಪರ್‌ವರೆಗೆ

ಹೊಸ ಸರಕಿಗೆ ರಟ್ಟಿನ ಪೆಟ್ಟಿಗೆ ಮಾಡಿಸಲು ಹೊರಟ ತಯಾರಕರು ಮೊದಲು ಕೇಳುವುದು ಅದರ ಚಿತ್ರವನ್ನು. ಪೆಟ್ಟಿಗೆ ಇನ್ನೂ ಹುಟ್ಟಿರುವುದಿಲ್ಲ. ಆದರೂ ಅದರ ಮುಂಭಾಗ, ಮಗ್ಗುಲು, ಮೇಲ್ಭಾಗ ಮೂರೂ ಒಟ್ಟಿಗೆ ಕಾಣುವಂತೆ ಕಾಗದದ ಮೇಲೆ ಮೂಡಿಬರಬೇಕು. ಗಣಕಯಂತ್ರದ ಮುಂದೆ ಕುಳಿತ ವಿನ್ಯಾಸಕಾರರ ಬಳಿ ಇದಕ್ಕೊಂದು ಸಿದ್ಧ ಕ್ರಮವಿದೆ. ಮುಖದ ಎತ್ತರವನ್ನು ಶೇಕಡಾ 86.602ಕ್ಕೆ ಇಳಿಸುವುದು, ಅನಂತರ 30 ಡಿಗ್ರಿ ಓರೆ ಮಾಡುವುದು, ಕೊನೆಗೆ 30 ಡಿಗ್ರಿ ತಿರುಗಿಸುವುದು. ಓರೆಯ ಹಾಗೂ ತಿರುವಿನ ದಿಕ್ಕುಗಳನ್ನು ಬದಲಿಸಿ ಮೂರು ಮುಖಗಳನ್ನೂ ಹೀಗೆಯೇ ಸಿದ್ಧಪಡಿಸಿ ಜೋಡಿಸಿದರೆ ಪೆಟ್ಟಿಗೆ ಎದ್ದು ನಿಂತಂತೆ ಕಾಣುತ್ತದೆ. ಈ 86.602 ಎಲ್ಲಿಂದ ಬಂತೆಂದು ಕೇಳಿದರೆ, ಕೆಲಸ ಕಲಿಸಿದವರು ಹಾಗೆ ಹೇಳಿಕೊಟ್ಟರು ಎಂಬ ಉತ್ತರವೇ ಸಾಮಾನ್ಯವಾಗಿ ಸಿಗುವಂಥದು.

ಅದು 30 ಡಿಗ್ರಿಯ ಕೊಸೈನ್. ನೆಟ್ಟಗಿರುವ ಗೆರೆಯನ್ನು 30 ಡಿಗ್ರಿ ವಾಲಿಸಿದಾಗ ಅದರ ಉದ್ದ ಹಿಗ್ಗುತ್ತದೆ. ಆ ಹಿಗ್ಗುವಿಕೆಯನ್ನು ಮೊದಲೇ ಕಳೆದುಬಿಟ್ಟರೆ ವಾಲಿದ ಮೇಲೆ ಉದ್ದ ಸರಿಯಾಗಿ ನಿಲ್ಲುತ್ತದೆ. ಹತ್ತನೆಯ ತರಗತಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಕೋಷ್ಟಕದಲ್ಲಿ ಈ ಬೆಲೆಯೂ ಇತ್ತು. ಪರೀಕ್ಷೆ ಮುಗಿದ ಮರುದಿನ ಮರೆತುಹೋದದ್ದು ಹತ್ತು ವರ್ಷಗಳ ಬಳಿಕ ವೇಷ ಬದಲಿಸಿಕೊಂಡು ಅದೇ ವ್ಯಕ್ತಿಯ ಮೇಜಿನ ಮೇಲೆ ಬಂದು ಕುಳಿತಿದೆ. ಆದರೆ ಅದನ್ನು ಗುರುತಿಸದೆಯೇ ಆತ ದಿನನಿತ್ಯ ಕೆಲಸ ಪೂರೈಸುತ್ತಿದ್ದಾನೆ, ಸಂಬಳವನ್ನೂ ಪಡೆಯುತ್ತಿದ್ದಾನೆ. ಹಾಗಿದ್ದಲ್ಲಿ ವಿನ್ಯಾಸಕಾರನಿಗೆ, ಯಂತ್ರ ಚಾಲಕನಿಗೆ, ತಗಡು ಕೆಲಸದವನಿಗೆ ತ್ರಿಕೋನಮಿತಿ ತಿಳಿದಿರಬೇಕೆ? ನೇಮಕಾತಿಯ ವೇಳೆ ಮಾಲೀಕರು ಇದನ್ನು ಕೇಳಬೇಕೆ? ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಂತಹ ಕಡೆ, ಒಂದೇ ರಸ್ತೆಯಲ್ಲಿ ಮುದ್ರಣಾಲಯ, ಲೇಥ್ ಅಂಗಡಿ ಹಾಗೂ ಅಕ್ಕಿ ಗಿರಣಿಗಳನ್ನು ಕಾಣಬಹುದಾದಲ್ಲಿ, ಈ ಪ್ರಶ್ನೆಗೆ ಒಂದೇ ಉತ್ತರ ಸಾಲದು.

ಲೋಟಕ್ಕೆ ಸುತ್ತುವ ಲೇಬಲ್

ನಂಜನಗೂಡೆಂಬ ಹೆಸರನ್ನು ನಾಡಿನ ಮನೆಮನೆಗೆ ಮುಟ್ಟಿಸಿದ್ದರಲ್ಲಿ ರಸಬಾಳೆಯ ಪಾಲಿನಷ್ಟೇ ಸದ್ವೈದ್ಯಶಾಲೆಯ ಹಲ್ಲುಪುಡಿಯ ಪಾಲೂ ಇದೆ. ಪೊಟ್ಟಣ, ಚೌಕ ಪೆಟ್ಟಿಗೆ, ನೇರ ಸೀಸೆ ಇವುಗಳಿಗೆ ಲೇಬಲ್ ರಚಿಸುವವರಿಗೆ ಉದ್ದ, ಅಗಲ ಹಾಗೂ ಸುತ್ತಳತೆ ಗೊತ್ತಿದ್ದರೆ ಸಾಕು. ಬಣ್ಣದ ಹೊಂದಾಣಿಕೆ, ಅಕ್ಷರದ ಆಯ್ಕೆ, ಕಣ್ಣಿಗೆ ಹಿತವಾದ ಖಾಲಿ ಜಾಗ ಇವೇ ಅವರ ನಿಜವಾದ ವಿದ್ಯೆ. ಅಂಥವರನ್ನು ಸೈನ್, ಕೊಸೈನ್ ಕೇಳಿ ಹೆದರಿಸುವುದು ವ್ಯರ್ಥ. ತಿರುಗಿಸುವ, ವಾಲಿಸುವ, ಬಾಗಿಸುವ ಲೆಕ್ಕವನ್ನೆಲ್ಲ ತಂತ್ರಾಂಶವೇ ಮಾಡುತ್ತದೆ.

ತೊಡಕು ಆರಂಭವಾಗುವುದು ಲೇಬಲ್ಲು ಓರೆಯಾದ ವಸ್ತುವಿಗೆ ಅಂಟಬೇಕಾದಾಗ. ಚಹಾದ ಕಾಗದದ ಲೋಟ, ಐಸ್‌ಕ್ರೀಂ ಡಬ್ಬಿ, ಮೊಸರಿನ ಬಟ್ಟಲು ಇವೆಲ್ಲ ಮೇಲೆ ಅಗಲ, ಕೆಳಗೆ ಕಿರಿದು. ಇವುಗಳಿಗೆ ಆಯತಾಕಾರದ ಲೇಬಲ್ ಸುತ್ತಿದರೆ ಒಂದೋ ಸುಕ್ಕು ಬೀಳುತ್ತದೆ, ಇಲ್ಲವೇ ಅಂಚುಗಳು ಒಂದರ ಮೇಲೊಂದು ಕೂರದೆ ಸರಿದುಹೋಗುತ್ತವೆ. ಬೇಕಾದದ್ದು ಬೀಸಣಿಗೆಯ ಆಕಾರದ ಹಾಳೆ.

ಒಂದು ಲೋಟದ ಲೆಕ್ಕವನ್ನೇ ನೋಡಬಹುದು. ಬಾಯಿಯ ವ್ಯಾಸ 75 ಮಿ.ಮೀ., ತಳದ ವ್ಯಾಸ 55 ಮಿ.ಮೀ., ಎತ್ತರ 90 ಮಿ.ಮೀ. ಬಾಯಿಯ ಅಂಚು ತಳಕ್ಕಿಂತ ಒಂದೊಂದು ಬದಿಗೆ 10 ಮಿ.ಮೀ. ಹೊರಚಾಚಿರುವುದರಿಂದ ಓರೆ ಎತ್ತರ 90ರ ವರ್ಗಕ್ಕೆ 10ರ ವರ್ಗವನ್ನು ಕೂಡಿ ಮೂಲ ತೆಗೆದಷ್ಟು, ಅಂದರೆ 90.55 ಮಿ.ಮೀ. ಇದನ್ನು 75ರಿಂದ ಗುಣಿಸಿ, ಎರಡು ವ್ಯಾಸಗಳ ವ್ಯತ್ಯಾಸವಾದ 20ರಿಂದ ಭಾಗಿಸಿದರೆ ಬೀಸಣಿಗೆಯ ಹೊರ ಕಮಾನಿನ ತ್ರಿಜ್ಯ ಸುಮಾರು 339.6 ಮಿ.ಮೀ. ಎಂದಾಗುತ್ತದೆ. ಅದರಲ್ಲಿ ಓರೆ ಎತ್ತರ ಕಳೆದರೆ ಒಳ ಕಮಾನಿನ ತ್ರಿಜ್ಯ 249 ಮಿ.ಮೀ. ಬೀಸಣಿಗೆ ತೆರೆದುಕೊಳ್ಳುವ ಕೋನ, 180ನ್ನು 20ರಿಂದ ಗುಣಿಸಿ 90.55ರಿಂದ ಭಾಗಿಸಿದಾಗ ಬರುವ 39.76 ಡಿಗ್ರಿ. ಅಂಟಿಗೆ ಬೇಕಾದ ಅಂಚನ್ನು ಇದಕ್ಕೆ ಸೇರಿಸಿಕೊಂಡರೆ ಡೈ ಮಾಡಿಸಲು ಬೇಕಾದ ಅಳತೆಗಳೆಲ್ಲ ಕೈಗೆ ಬಂದಂತೆ. ಲೆಕ್ಕ ಸರಿಯೇ ಎಂದು ನೋಡುವುದೂ ಸುಲಭ: ಹೊರ ಕಮಾನಿನ ಉದ್ದ ಲೋಟದ ಬಾಯಿಯ ಸುತ್ತಳತೆಯಾದ 235.6 ಮಿ.ಮೀ.ಗೆ ಸಮನಾಗಿರಬೇಕು.

ಇಲ್ಲಿ ಸೈನ್ ಕೋಷ್ಟಕದ ಹಂಗೇ ಇಲ್ಲವೆಂಬುದು ಗಮನಾರ್ಹ. ಪೈಥಾಗೊರಸ್ ಪ್ರಮೇಯ ಮತ್ತು ಸಮರೂಪ ತ್ರಿಭುಜಗಳಿಷ್ಟೇ ಸಾಕಾಗಿವೆ. ಆದರೂ ಬಹಳಷ್ಟು ಅಂಗಡಿಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮಾದರಿ ಲೋಟವನ್ನು ಬಿಚ್ಚಿ, ಹಾಳೆಯ ಮೇಲಿಟ್ಟು, ಸುತ್ತ ಪೆನ್ಸಿಲ್ ಎಳೆಯುವುದೇ ರೂಢಿ. ಅದನ್ನು ಹಳಿಯಬೇಕಾಗಿಲ್ಲ, ಮಾದರಿ ಕೈಯಲ್ಲಿರುವವರೆಗೆ ಅದು ಒಳ್ಳೆಯ ವಿಧಾನವೇ. ಗಿರಾಕಿಯು ಇನ್ನೂ ಅಚ್ಚಿಗೆ ಹೋಗದ ಹೊಸ ಅಳತೆಯನ್ನು ಕೇಳಿದ ದಿನ ಬಿಚ್ಚಲು ಲೋಟವೇ ಇರುವುದಿಲ್ಲ. ಆಗ ಅಂದಾಜಿನ ಮೇಲೆ ಡೈ ಮಾಡಿಸಿ, ಸಾವಿರಾರು ಹಾಳೆ ಅಚ್ಚು ಹಾಕಿಸಿ, ಅಂಚು ಕೂಡದೆ ಇಡೀ ಸರಕು ರದ್ದಿಗೆ ಹೋದರೆ ನಷ್ಟ ಬೀಳುವುದು ಮಾಲೀಕರ ತಲೆಯ ಮೇಲೆ. ಅಕ್ಷರಗಳ ಸಾಲೂ ಅದೇ ಕಮಾನಿನ ಮೇಲೆ ಬಾಗದಿದ್ದರೆ, ಸುತ್ತಿದ ಬಳಿಕ ಸರಕಿನ ಹೆಸರು ಜೋತುಬಿದ್ದಂತೆ ಕಾಣುವುದು ಇನ್ನೊಂದು ಅವಲಕ್ಷಣ.

ಮುದ್ರಣದಲ್ಲಿ ಕೋನವು ಇನ್ನೂ ಗುಪ್ತವಾಗಿ ಕೆಲಸ ಮಾಡುವ ಜಾಗವೊಂದಿದೆ. ನಾಲ್ಕು ಬಣ್ಣದ ಆಫ್‌ಸೆಟ್ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕೆಗಳ ಸಾಲುಗಳು ಕಾಣುತ್ತವೆ. ಸಾಂಪ್ರದಾಯಿಕವಾಗಿ ಸಯಾನ್ 15, ಕಪ್ಪು 45, ಮೆಜೆಂಟಾ 75 ಡಿಗ್ರಿಯಲ್ಲಿ ವಾಲಿದ್ದು ಹಳದಿ ನೇರ ನಿಲ್ಲುತ್ತದೆ. ಕೋನಗಳು ತಪ್ಪಿದರೆ ಚಿತ್ರದ ಮೇಲೆ ರೇಷ್ಮೆ ಬಟ್ಟೆಯ ನೆರಿಗೆಯಂತಹ ಅಲೆಗಳು ಏಳುತ್ತವೆ. ಮುದ್ರಕರು ಮ್ವಾರೇ ಎನ್ನುವುದು ಇದನ್ನೇ. ಗಣಕಯಂತ್ರದಿಂದ ನೇರವಾಗಿ ಫಿಲ್ಮ್ ತೆಗೆಯುವ ಪದ್ಧತಿ 1980ರ ದಶಕದಲ್ಲಿ ಹರಡಿದಾಗ ಒಂದು ವಿಚಿತ್ರ ಅಡಚಣೆ ಎದುರಾಯಿತು. ಯಂತ್ರವು ಚೌಕಳಿಯ ಮನೆಗಳನ್ನು ಎಣಿಸಿಯೇ ಓರೆಯನ್ನು ಮೂಡಿಸಬೇಕಿತ್ತು. ಮೂರು ಮನೆ ಪಕ್ಕಕ್ಕೆ, ಒಂದು ಮನೆ ಮೇಲಕ್ಕೆ ಹೋದರೆ ಸಿಗುವ ಕೋನ 18.4 ಡಿಗ್ರಿಯೇ ಹೊರತು 15 ಅಲ್ಲ. ಟ್ಯಾಂಜೆಂಟ್ ಬೆಲೆ ಪೂರ್ಣ ಭಿನ್ನರಾಶಿಯಾಗಿರುವ ಕೋನಗಳಿಗಷ್ಟೇ ಆ ಯಂತ್ರಗಳು ಒಗ್ಗುತ್ತಿದ್ದುದರಿಂದ 15 ಮತ್ತು 75ರ ಬದಲು 18.4 ಮತ್ತು 71.6 ಡಿಗ್ರಿಗಳನ್ನು ಒಪ್ಪಿಕೊಳ್ಳಬೇಕಾಯಿತು. ಮುಂದೆ ಬಂದ ತಂತ್ರಾಂಶಗಳು ದೊಡ್ಡ ಚೌಕಳಿಗಳನ್ನು ಬಳಸಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿವೆ. ಇಂದಿನ ವಿನ್ಯಾಸಕಾರನು ಇದನ್ನು ಲೆಕ್ಕ ಹಾಕಬೇಕಿಲ್ಲ. ಅಲೆ ಎದ್ದಾಗ ದೋಷ ಕಾಗದದ್ದಲ್ಲ, ಶಾಯಿಯದ್ದಲ್ಲ, ಕೋನದ್ದು ಎಂದು ಶಂಕಿಸುವಷ್ಟು ತಿಳಿದಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಲೇಥ್ ಅಂಗಡಿಯ ಮಾತು

ಯಂತ್ರಭಾಗಗಳನ್ನು ತಯಾರಿಸುವವರಿಗೆ ಈ ವಿಷಯದಲ್ಲಿ ವಾದವೇ ಇಲ್ಲ. 100 ಮಿ.ಮೀ. ವ್ಯಾಸದ ವೃತ್ತದ ಮೇಲೆ ಸಮಾನ ಅಂತರದಲ್ಲಿ ಐದು ರಂಧ್ರ ಕೊರೆಯಬೇಕಾದರೆ, ಒಂದರಿಂದ ಇನ್ನೊಂದಕ್ಕೆ ನೇರ ಅಂತರ 100ನ್ನು 36 ಡಿಗ್ರಿಯ ಸೈನ್‌ನಿಂದ ಗುಣಿಸಿದಷ್ಟು, ಅಂದರೆ 58.78 ಮಿ.ಮೀ. ಕೈವಾರವನ್ನು 0.1 ಮಿ.ಮೀ. ಹೆಚ್ಚಾಗಿ ತೆರೆದು ಹೆಜ್ಜೆ ಹಾಕುತ್ತ ಹೋದರೆ ಐದನೆಯ ಹೆಜ್ಜೆಯು ಹೊರಟ ಗುರುತಿಗಿಂತ ಅರ್ಧ ಮಿ.ಮೀ.ಗೂ ಹೆಚ್ಚು ಮುಂದೆ ಬೀಳುತ್ತದೆ. ಬೋಲ್ಟು ಕೂರುವುದಿಲ್ಲ, ಸರಕು ಹಿಂದಿರುಗುತ್ತದೆ.

ಸಿ.ಎನ್.ಸಿ. ಯಂತ್ರಗಳು ಬಂದ ಮೇಲೆ ಈ ಲೆಕ್ಕವೂ ಯಂತ್ರದ ಪಾಲಾಗಿದೆಯೆಂಬುದು ನಿಜ. ಆದರೆ ತಪಾಸಣೆಯ ಮೇಜಿನ ಮೇಲೆ ಸೈನ್ ಬಾರ್ ಇನ್ನೂ ಉಳಿದುಕೊಂಡಿದೆ. ಹೆಸರೇ ಅದರ ಗಣಿತವನ್ನು ಹೇಳುತ್ತದೆ. 200 ಮಿ.ಮೀ. ಸೈನ್ ಬಾರನ್ನು 18.5 ಡಿಗ್ರಿಗೆ ಎತ್ತಿ ನಿಲ್ಲಿಸಬೇಕಾದರೆ ಒಂದು ತುದಿಯ ಕೆಳಗೆ 63.46 ಮಿ.ಮೀ. ಎತ್ತರಕ್ಕೆ ಸ್ಲಿಪ್ ಗೇಜ್‌ಗಳನ್ನು ಜೋಡಿಸಬೇಕು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕವೊಂದರ ಸರಕನ್ನು ಕೋನ ತಪ್ಪಿದೆಯೆಂದು ತಿರಸ್ಕರಿಸಿದಾಗ, ತಪ್ಪು ತಮ್ಮದೋ ಅಳೆದವರದೋ ಎಂದು ಸಾಧಿಸಿ ತೋರಿಸಲು ಈ ಒಂದು ಗುಣಾಕಾರ ಬಲ್ಲವರು ಬೇಕು. ಅಂಥವರೊಬ್ಬರೂ ಇಲ್ಲದ ಘಟಕವು ಎದುರಿನವರ ವರದಿಗೆ ಸಹಿ ಹಾಕಿ ಸುಮ್ಮನಾಗಬೇಕಾಗುತ್ತದೆ.

ಹಾಪರ್‌ನ ಮೂಲೆಯಲ್ಲಿ ನಿಂತ ಭತ್ತ

ಕಾವೇರಿ ಮತ್ತು ಕಪಿಲೆಯರ ಸಂಗಮವಾದ ತಿರುಮಕೂಡಲು ನರಸೀಪುರದ ಸುತ್ತಮುತ್ತ ನಾಲೆಯ ನೀರು ಕಂಡ ಭೂಮಿಯೆಲ್ಲ ಬಹುಪಾಲು ಭತ್ತದ್ದು. ಇಲ್ಲಿನ ತಗಡು ಹಾಗೂ ವೆಲ್ಡಿಂಗ್ ಕೆಲಸದವರಿಗೆ ಅಕ್ಕಿ ಗಿರಣಿಯ ಹಾಪರ್ ಹೊಸದಲ್ಲ: ಮೇಲೆ ಚೌಕ ಬಾಯಿ, ನಾಲ್ಕು ಇಳಿಜಾರು ಗೋಡೆ, ಕೆಳಗೆ ಕಿರಿದಾದ ಕಂಡಿ. ಗೋಡೆಗಳನ್ನು 45 ಡಿಗ್ರಿ ಇಳಿಜಾರಿಗೆ ಕಟ್ಟುವುದು ಕೈಗೆ ಸುಲಭ, ಮೂಲೆಮಟ್ಟದಲ್ಲಿಯೇ ಅಳತೆ ಸಿಗುತ್ತದೆ. ಭತ್ತವನ್ನು ನೆಲದ ಮೇಲೆ ಸುರಿದಾಗ ಅದು ತಾನಾಗಿ ನಿಲ್ಲುವ ಇಳಿಜಾರು ಒಣಕಾಳಿಗೆ ಸುಮಾರು 36 ಡಿಗ್ರಿ. ತೇವ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. 45 ಎಂಬುದು 36ಕ್ಕಿಂತ ಸಾಕಷ್ಟು ಕಡಿದಾಗಿರುವುದರಿಂದ ಕಾಳು ಜಾರಲೇಬೇಕಲ್ಲವೇ? ಗೋಡೆಯ ನಡುವಿನಲ್ಲಿ ಜಾರುತ್ತದೆ. ಆದರೆ ನಾಲ್ಕು ಮೂಲೆಗಳಲ್ಲಿ ನಿಂತುಬಿಡುತ್ತದೆ. ಹುಡುಗನೊಬ್ಬ ಕೋಲಿನಿಂದ ಬಡಿಯುತ್ತ ಕೂರಬೇಕಾಗುತ್ತದೆ. ಹಳೆಯ ಕಾಳು ಮೂಲೆಯಲ್ಲಿ ಉಳಿದು ಹುಳ ಹಿಡಿಯುವುದೂ ಉಂಟು.

ಕಾರಣ ಸರಳವಾಗಿದ್ದರೂ ಕಣ್ಣಿಗೆ ಕಾಣುವಂಥದಲ್ಲ. 45 ಡಿಗ್ರಿಯ ಗೋಡೆಯು ಒಂದು ಅಡಿ ಕೆಳಗಿಳಿಯುವಷ್ಟರಲ್ಲಿ ಒಂದು ಅಡಿ ಒಳಗೆ ಬರುತ್ತದೆ. ಎರಡು ಗೋಡೆಗಳು ಕೂಡುವ ಮೂಲೆಯ ಗೆರೆಯಾದರೋ ಅದೇ ಒಂದು ಅಡಿ ಇಳಿಯುವಷ್ಟರಲ್ಲಿ ಚೌಕದ ಕರ್ಣದ ಉದ್ದಕ್ಕೆ, ಅಂದರೆ 1.414 ಅಡಿ, ಒಳಗೆ ಸಾಗಬೇಕು. ಆ ಗೆರೆಯ ಇಳಿಜಾರು 35.3 ಡಿಗ್ರಿ ಮಾತ್ರ. ಗೋಡೆ 45 ಡಿಗ್ರಿಯಿದೆಯೆಂದು ನಂಬಿದ ಮಾಲೀಕರ ಹಾಪರ್‌ನ ಮೂಲೆ, ಭತ್ತದ ರಾಶಿ ತಾನಾಗಿ ನಿಲ್ಲುವ ಇಳಿಜಾರಿಗಿಂತಲೂ ಚಪ್ಪಟೆಯಾಗಿರುತ್ತದೆ. ತಗಡಿನ ಮೇಲೆ ಕಾಳು ಜಾರುವ ಕೋನ, ಕಾಳಿನ ಮೇಲೆ ಕಾಳು ಜಾರುವ ಕೋನ ಒಂದೇ ಅಲ್ಲ ಎಂಬುದನ್ನು ಒಪ್ಪಬೇಕು. ಆದರೆ ಮೂಲೆಯಲ್ಲಿ ಎರಡು ಗೋಡೆಗಳ ನಡುವೆ ಸಿಲುಕಿದ ಭತ್ತಕ್ಕೆ ನುಣುಪು ತಗಡಿನ ಅನುಕೂಲ ಪೂರ್ತಿಯಾಗಿ ಒದಗುವುದಿಲ್ಲ.

ಮೂಲೆಯೇ 45 ಡಿಗ್ರಿ ಇರಬೇಕಾದರೆ ಗೋಡೆಗಳನ್ನು ಸುಮಾರು 54.7 ಡಿಗ್ರಿಗೆ ಎತ್ತಬೇಕು. ಇದಕ್ಕೆ ಬೆಲೆಯೂ ಇದೆ. 6 ಅಡಿ ಚೌಕ ಬಾಯಿಯ ಹಾಪರ್ ಎಂದುಕೊಂಡು ಕೆಳಗಿನ ಕಂಡಿಯ ಅಳತೆಯನ್ನು ಬದಿಗಿಟ್ಟರೆ, ಹಾಪರ್‌ನ ಎತ್ತರ 3 ಅಡಿಯಿಂದ ಸುಮಾರು 4.24 ಅಡಿಗೆ, ಗೋಡೆಯ ಓರೆ ಉದ್ದ 4.24 ಅಡಿಯಿಂದ ಸುಮಾರು 5.2 ಅಡಿಗೆ ಏರುತ್ತದೆ. ತಗಡು ಶೇಕಡಾ 22ರಷ್ಟು ಹೆಚ್ಚು ಬೇಕು. ಕಟ್ಟೆಯನ್ನೂ ಎಲಿವೇಟರನ್ನೂ ಒಂದೂಕಾಲು ಅಡಿ ಎತ್ತರಿಸಬೇಕು. ಇಷ್ಟು ಖರ್ಚು ಬೇಡವೆಂದರೆ ಮೂಲೆಗಳಿಗೆ ಅಡ್ಡ ತಗಡು ಬೆಸೆದು ಮುಚ್ಚಬಹುದು, ಇಲ್ಲವೇ ಮೂಲೆಯೇ ಇಲ್ಲದ ದುಂಡನೆಯ ಶಂಕುವಿನಾಕಾರವನ್ನು ಆರಿಸಿಕೊಳ್ಳಬಹುದು. ಯಾವುದು ಲಾಭವೆಂದು ನಿರ್ಧರಿಸಬೇಕಾದದ್ದು ತಗಡಿಗೆ ಕತ್ತರಿ ಬೀಳುವ ಮೊದಲು. ಗಿರಣಿ ಮಾಲೀಕರು ಕೊಟೇಷನ್ ಪಡೆಯುವಾಗ ಗೋಡೆಯ ಕೋನದ ಜೊತೆಗೆ ಮೂಲೆಯ ಕೋನವನ್ನೂ ಬರೆದುಕೊಡಲು ಕೇಳಿದರೆ ಅರ್ಧ ಚರ್ಚೆ ಅಲ್ಲಿಯೇ ಮುಗಿಯುತ್ತದೆ.

ವರ್ತಕರಿಗೂ ಇದೇ ಕೋನದಲ್ಲಿ ಹಣವಿದೆ. ಕಣದಲ್ಲಿ ಸುರಿದ ಭತ್ತದ ರಾಶಿಯನ್ನು ತೂಕಕ್ಕೆ ಮುನ್ನ ಅಂದಾಜು ಮಾಡಬೇಕಾದ ಸಂದರ್ಭಗಳು ಬರುತ್ತಲೇ ಇರುತ್ತವೆ. ರಾಶಿಯ ಸುತ್ತಳತೆಯನ್ನು ಟೇಪಿನಿಂದ ಅಳೆಯಬಹುದು. ನಡುವಿನ ಎತ್ತರವನ್ನು ರಾಶಿ ತುಳಿಯದೆ ಅಳೆಯುವುದು ಕಷ್ಟ. ಆದರೆ ಇಳಿಜಾರಿನ ಕೋನವನ್ನು ಇಂದು ಮೊಬೈಲ್ ದೂರವಾಣಿಯೇ ತೋರಿಸುತ್ತದೆ. ತಳದ ತ್ರಿಜ್ಯ 3 ಮೀಟರ್, ಇಳಿಜಾರು 36 ಡಿಗ್ರಿ ಇದ್ದರೆ ಎತ್ತರ 3ನ್ನು 36ರ ಟ್ಯಾಂಜೆಂಟ್‌ನಿಂದ ಗುಣಿಸಿದಷ್ಟು, ಅಂದರೆ 2.18 ಮೀಟರ್, ಗಾತ್ರ ಸುಮಾರು 20.5 ಘನ ಮೀಟರ್. ಒಂದು ಘನ ಮೀಟರಿಗೆ 575 ಕಿಲೋ ಎಂದು ಹಿಡಿದರೆ ಸುಮಾರು 118 ಕ್ವಿಂಟಾಲ್. ಅದೇ ತಳದ ರಾಶಿ 30 ಡಿಗ್ರಿ ಇಳಿಜಾರಿನಲ್ಲಿ ನಿಂತಿದ್ದರೆ ಸುಮಾರು 94 ಕ್ವಿಂಟಾಲ್ ಮಾತ್ರ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಘೋಷಣೆಯಾಗಿದ್ದ ಕ್ವಿಂಟಾಲಿಗೆ ರೂ. 2,300ರ ಬೆಂಬಲ ಬೆಲೆಯಲ್ಲಿ ಈ ಆರು ಡಿಗ್ರಿಯ ವ್ಯತ್ಯಾಸವು ರೂ. 55,000ದಷ್ಟಾಗುತ್ತದೆ. ವೇಬ್ರಿಜ್ ಚೀಟಿಗೆ ಇದು ಬದಲಿಯಲ್ಲ. ಆದರೆ ಲಾರಿ ಎಷ್ಟು ತರಿಸಬೇಕು, ಮುಂಗಡ ಎಷ್ಟು ಕೊಡಬಹುದು ಎಂಬುದಕ್ಕೆ ಕಣ್ಣಂದಾಜಿಗಿಂತ ಮೇಲು.

ಮೇಲ್ಛಾವಣಿಗೆ ಸೌರಫಲಕ ಹಾಕುವವರ ಲೆಕ್ಕವೂ ಇದೇ ಜಾತಿಯದು. ಕೃಷಿ ಪಂಪುಗಳಿಗೆ 2019ರಲ್ಲಿ ಪಿಎಂ ಕುಸುಮ್, ಮನೆಗಳಿಗೆ 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆಗಳು ಬಂದ ಮೇಲೆ ಈ ಕೆಲಸಕ್ಕೆ ಇಳಿದವರು ಹೆಚ್ಚಿದ್ದಾರೆ. ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದ ಈ ಸೀಮೆಯಲ್ಲಿ ಡಿಸೆಂಬರ್ ಕೊನೆಯ ವಾರದ ನಡುಹಗಲಿಗೆ ಒಂದು ಮೀಟರ್ ಎತ್ತರದ ಅಂಚಿನ ನೆರಳು ಉತ್ತರಕ್ಕೆ ಸುಮಾರು 0.71 ಮೀಟರ್ ಚಾಚುತ್ತದೆ. ನಡುಹಗಲಿಗೆ ಮೂರು ಗಂಟೆ ಮೊದಲು ಅದರ ಉತ್ತರದ ಚಾಚು ಸುಮಾರು 0.95 ಮೀಟರ್. ಸಾಲುಗಳ ನಡುವೆ ಇಷ್ಟು ಜಾಗ ಬಿಡದಿದ್ದರೆ ಹಿಂದಿನ ಸಾಲು ಚಳಿಗಾಲದ ಬೆಳಗ್ಗೆಯೆಲ್ಲ ಮುಂದಿನ ಸಾಲಿನ ನೆರಳಿನಲ್ಲಿರುತ್ತದೆ.

ಜ್ಯಾ ಮತ್ತು ತ್ರಿಜ್ಯ

ವೃತ್ತದ ಅರ್ಧ ಅಗಲಕ್ಕೆ ಕನ್ನಡದ ಮಕ್ಕಳು ತ್ರಿಜ್ಯವೆನ್ನುತ್ತಾರೆ. ಈ ಪದದಲ್ಲಿಯೇ ಸೈನ್ ಅಡಗಿದೆ. ಬಿಲ್ಲಿನ ಹೆದೆಗೆ ಜ್ಯಾ ಎಂದು ಹೆಸರು. 499ರ ಆರ್ಯಭಟೀಯದಲ್ಲಿ ಕೋನವೊಂದರ ಜ್ಯಾ ಇಂದಿನ ಸೈನ್‌ನ ಪೂರ್ವರೂಪ. ಮೂರು ರಾಶಿಗಳ, ಅಂದರೆ 90 ಡಿಗ್ರಿಯ ಜ್ಯಾ ವೃತ್ತದ ಅರ್ಧ ವ್ಯಾಸಕ್ಕೆ ಸಮ. ಹಾಗಾಗಿ ಅದು ತ್ರಿಜ್ಯ. ಈ ಜ್ಯಾ ಎಂಬ ಪದವೇ ಅರಬ್ಬಿ, ಲ್ಯಾಟಿನ್‌ಗಳನ್ನು ಹಾದು ಸೈನ್ ಆಗಿ ಮರಳಿ ಬಂದಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಗಣಿತ ಬರೆಯಲು ಕುಳಿತಾಗ ತನ್ನ ಗ್ರಂಥಕ್ಕೆ ವ್ಯವಹಾರಗಣಿತವೆಂದು ಹೆಸರಿಟ್ಟನೆಂಬುದು ವರ್ತಕರಿಗೆ ಹಿತವೆನಿಸುವ ಸಂಗತಿ.

ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 1268ರಲ್ಲಿ ಪ್ರತಿಷ್ಠೆಗೊಂಡ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಮೂರು ಗರ್ಭಗುಡಿಗಳ ಹೊರಗೋಡೆಯು ಹದಿನಾರು ಮೊನೆಯ ನಕ್ಷತ್ರದ ಆಕಾರದ್ದು. ಒಂದೇ ಕೇಂದ್ರದ ಮೇಲೆ ಚೌಕವನ್ನು 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಚೌಕಗಳನ್ನು ಎಳೆದರೆ ಈ ಹದಿನಾರು ಮೊನೆಗಳು ದೊರೆಯುತ್ತವೆ. ಗೂಟ ಮತ್ತು ಹುರಿ ಇದ್ದರೆ ಕೋಷ್ಟಕವಿಲ್ಲದೆಯೂ ಇದನ್ನು ನೆಲದ ಮೇಲೆ ಮೂಡಿಸಬಹುದು. ಇದಕ್ಕೆ ವಿರುದ್ಧ ಉದಾಹರಣೆಯೂ ಮೈಸೂರು ಸೀಮೆಯದೇ: ಶ್ರೀರಂಗಪಟ್ಟಣದ 1799ರ ಪತನದ ಬಳಿಕ ವಿಲಿಯಂ ಲ್ಯಾಂಬ್ಟನ್ ಇಲ್ಲಿ ತ್ರಿಕೋನ ಮಾಪನದ ಮೋಜಣಿಯನ್ನು ಯೋಜಿಸಿ, 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದನು. ಗುಡ್ಡದಿಂದ ಗುಡ್ಡಕ್ಕೆ ಹುರಿ ಎಳೆಯಲಾಗದು. ಅಲ್ಲಿ ಸೈನ್ ಅನಿವಾರ್ಯ.

ಯಾರನ್ನು ನೇಮಿಸಬೇಕು?

ಶಾಲೆಯ ಪಾಠಕ್ಕೂ ಕಸುಬಿಗೂ ನಡುವಣ ಅಂತರಕ್ಕೆ ಪಠ್ಯದ ಉದಾಹರಣೆಗಳೂ ಒಂದು ಕಾರಣ. ಹತ್ತನೆಯ ತರಗತಿಯ ಪುಸ್ತಕದಲ್ಲಿ ದೀಪಸ್ತಂಭದ ಮೇಲಿನಿಂದ ಹಡಗುಗಳನ್ನು ನೋಡುವ ಲೆಕ್ಕವಿದೆ. ಕಡಲನ್ನೇ ಕಾಣದ ನಂಜನಗೂಡಿನ ಬಾಲಕನಿಗೆ ದಿನವೂ ಕಣ್ಣೆದುರು ನಿಲ್ಲುವ ಶ್ರೀಕಂಠೇಶ್ವರನ ಏಳಂತಸ್ತಿನ ಗೋಪುರ ಲೆಕ್ಕಕ್ಕೆ ಬರುವುದಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಎಂಬ ವಿಷಯದಡಿ ತ್ರಿಕೋನಮಿತಿಯನ್ನು ಕಸುಬಿಗೆ ಹೊಂದಿಸಿಯೇ ಕಲಿಸಲಾಗುತ್ತದೆ. ಆದ್ದರಿಂದ ಫಿಟ್ಟರ್, ಟರ್ನರ್, ತಗಡು ಕೆಲಸದವರನ್ನು ತೆಗೆದುಕೊಳ್ಳುವಾಗ ಆ ಪತ್ರಿಕೆಯ ಅಂಕಗಳನ್ನು ನೋಡುವುದು ನ್ಯಾಯವೇ.

ವಿನ್ಯಾಸಕಾರರ ವಿಷಯದಲ್ಲಿ ಅಂಕಪಟ್ಟಿ ನೋಡಿ ಪ್ರಯೋಜನವಿಲ್ಲ. ಗಣಿತಕ್ಕೆ ಹೆದರಿಯೇ ಚಿತ್ರಕಲೆಯತ್ತ ತಿರುಗಿದ ಒಳ್ಳೆಯ ಕೈಗಳು ಬಹಳವಿವೆ. ಅವರನ್ನು ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಿದರೆ ನಷ್ಟ ಅಂಗಡಿಗೆ. ಐದು ಜನರಿರುವ ಮುದ್ರಣ ಘಟಕದಲ್ಲಿ ಒಬ್ಬರಿಗೆ ಓರೆ ಎತ್ತರ, ಕಮಾನು, ಕೋನಗಳ ಲೆಕ್ಕ ಬಂದರೆ ಸಾಕು, ಆ ಒಬ್ಬರು ಮಾಲೀಕರೇ ಆಗಿದ್ದರೂ ಅಡ್ಡಿಯಿಲ್ಲ. ಡೈ ಮಾಡಿಸುವ ಮುನ್ನ ಅವರ ಸಹಿ ಬೀಳಬೇಕೆಂಬ ನಿಯಮ ಮಾತ್ರ ಇರಲಿ.

ಸಂದರ್ಶನದಲ್ಲಿ ಏನನ್ನಾದರೂ ಪರೀಕ್ಷಿಸಲೇಬೇಕೆಂದಿದ್ದರೆ ಪಕ್ಕದ ಹೋಟೆಲಿನಿಂದ ಒಂದು ಕಾಗದದ ಲೋಟ ತರಿಸಿ, ಅಳತೆಪಟ್ಟಿ ಹಾಗೂ ಹಾಳೆಯೊಂದಿಗೆ ಅಭ್ಯರ್ಥಿಯ ಮುಂದಿಟ್ಟು, ಇದಕ್ಕೆ ಸುತ್ತುವ ಲೇಬಲ್ಲಿನ ಆಕಾರ ಬರೆಯಲು ಹೇಳಬಹುದು. ಕೆಲವರು ಆಯತ ಬರೆಯುತ್ತಾರೆ. ಕೆಲವರು ಲೋಟವನ್ನು ಹಾಳೆಯ ಮೇಲೆ ಉರುಳಿಸುತ್ತ ಅಂಚಿನ ಗುರುತು ಎಳೆಯುತ್ತಾರೆ, ಅವರು ಕಲಿಯಬಲ್ಲವರು. ಬಾಯಿ, ತಳ, ಓರೆ ಎತ್ತರ ಮೂರನ್ನೂ ಅಳೆದು ಬರೆದುಕೊಂಡು, ಅಂಟಿಗೆ ಎಷ್ಟು ಮಿ.ಮೀ. ಬಿಡಬೇಕೆಂದು ತಿರುಗಿ ಕೇಳುವ ಅಭ್ಯರ್ಥಿ ಸಿಕ್ಕರೆ, ಆತನಿಗೆ ಸೈನ್ ಎಂದರೇನೆಂಬುದು ಮರೆತುಹೋಗಿದ್ದರೂ ಮರುದಿನದಿಂದಲೇ ಬರಹೇಳಬಹುದು.